ದುಡ್ಡು ಕೊಟ್ಟರೆ ಅನುಭವ ಸಿಗುತ್ತಾ?



ಇವತ್ತು ರಾಜಕೀಯ ಬೇಡ. ಡಿಗ್ರಿ ಮುಗಿಸಿ, ಬೆಂಗಳೂರಿನ ಯಾವುದೋ ಪಿಜಿಯಲ್ಲಿ ಒಂದೇ ರೂಮನ್ನು ಮೂರು ಜನ ಹಂಚಿಕೊಂಡು ಕೆಲಸ ಹುಡುಕ್ತಿದ್ದಾರಲ್ಲ, ಆ ನಿಮ್ಮ ಮಕ್ಕಳ ವಿಷಯ ಮಾತಾಡೋಣ. ಅವರು ಟಿವಿ ನೋಡಲ್ಲ ಅಂತ ನನಗೆ ಗೊತ್ತು. ಅಪ್ಪ ಅಮ್ಮ ನೋಡ್ತೀರಲ್ಲ, ನೀವು ಕೇಳಿಸಿಕೊಳ್ಳಿ.

ಎಲ್ಲಿ ಹೋದರೂ ಒಂದೇ ಪ್ರಶ್ನೆ: ಎರಡು ವರ್ಷ ಎಕ್ಸ್‌ಪೀರಿಯನ್ಸ್ ಇದೆಯಾ? ಕೆಲಸ ಕೊಟ್ಟರೆ ತಾನೇ ಸ್ವಾಮಿ ಎಕ್ಸ್‌ಪೀರಿಯನ್ಸ್ ಬರೋದು? ಹೀಗೆ ಆರು ತಿಂಗಳು ಅಲೆದು ಹುಡುಗ ಸುಸ್ತಾಗಿರ್ತಾನೆ. ಊರಿಂದ ದುಡ್ಡು ತರಿಸಿಕೊಳ್ಳೋಕೆ ನಾಚಿಕೆ. ಸರಿಯಾಗಿ ಅದೇ ಹೊತ್ತಿಗೆ ಕನ್ಸಲ್ಟೆನ್ಸಿ ಅಂತ ಹೇಳಿಕೊಂಡು ಒಬ್ಬ ಬರ್ತಾನೆ. ದುಡ್ಡು ಕೊಡು, ಎರಡು ವರ್ಷದ ಅನುಭವ ನಾನು ಕೊಡ್ತೀನಿ ಅಂತಾನೆ. ಆಫರ್ ಲೆಟರ್, ಪೇ ಸ್ಲಿಪ್, ರಿಲೀವಿಂಗ್ ಲೆಟರ್, ಎಲ್ಲ ಸೀಲ್ ಹೊಡೆದು ರೆಡಿ. ಎಲ್ಲರೂ ಮಾಡೋದೇ ಇದು ಅಂತ ಧೈರ್ಯ ಬೇರೆ ಹೇಳ್ತಾನೆ. ಊರಲ್ಲಿ ಅಪ್ಪ ಸೊಸೈಟಿ ಸಾಲ ತೆಗೆದೋ, ಅಮ್ಮ ಬಳೆ ಅಡ ಇಟ್ಟೋ ದುಡ್ಡು ಕಳಿಸ್ತಾರೆ.

ಆಮೇಲೆ ಏನಾಗುತ್ತೆ? ಕೆಲಸ ಸಿಗಲೂಬಹುದು. ಅಲ್ಲೇ ಇರೋದು ಅಪಾಯ. ಪಿಎಫ್‌ಗೆ 12 ಅಂಕಿಯ ಯುಎಎನ್ ನಂಬರ್ ಇರುತ್ತೆ. 2014ರಲ್ಲಿ ಬಂದ ವ್ಯವಸ್ಥೆ ಇದು. ಒಬ್ಬ ಮನುಷ್ಯನಿಗೆ ಒಂದೇ ನಂಬರ್. ಯಾವ ಕಂಪನಿಗೆ ಯಾವತ್ತು ಸೇರಿದ, ಯಾವತ್ತು ಬಿಟ್ಟ, ತಿಂಗಳು ತಿಂಗಳು ಎಷ್ಟು ಕಟ್ಟಿದ್ದಾರೆ, ಎಲ್ಲ ಅದರಲ್ಲಿ ದಾಖಲಾಗುತ್ತೆ. ಸಂಬಳ ಖಾತೆಯ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳ್ತಾರೆ, ಫಾರಂ 16 ಕೇಳ್ತಾರೆ. ಇದನ್ನೆಲ್ಲ ತಾಳೆ ನೋಡೋಕೆ ಅಂತಲೇ ಬೇರೆ ಏಜೆನ್ಸಿಗಳಿವೆ. ಸೇರಿ ನಾಲ್ಕು ತಿಂಗಳಾದ ಮೇಲೂ ವೆರಿಫಿಕೇಷನ್ ರಿಪೋರ್ಟ್ ಬರಬಹುದು. 2022ರ ನವೆಂಬರ್‌ನಲ್ಲಿ ಆಕ್ಸೆಂಚರ್ ಕಂಪನಿ ಏನು ಹೇಳ್ತು ನೆನಪಿದೆಯಾ? ಸಾಚಾ ಅಲ್ಲದ ಕಂಪನಿಗಳ ಅನುಭವ ಪತ್ರ ಕೊಟ್ಟು ಭಾರತದಲ್ಲಿ ಕೆಲಸಕ್ಕೆ ಸೇರಿದವರನ್ನು ಪತ್ತೆ ಹಚ್ಚಿ ಹೊರಗೆ ಕಳಿಸಿದ್ದೇವೆ ಅಂತ ಅದೇ ಪ್ರಕಟಣೆ ಕೊಟ್ಟಿತು. ದುಡ್ಡು ತಗೊಂಡವನ ಫೋನ್ ಅಷ್ಟೊತ್ತಿಗೆ ಸ್ವಿಚ್ ಆಫ್. ಸಿಕ್ಕಿಹಾಕಿಕೊಳ್ಳೋದು ನಮ್ಮ ಹುಡುಗ.

ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಸುಳ್ಳು ಅನುಭವಕ್ಕೆ ದುಡ್ಡು ಕೊಡೋ ಎಷ್ಟೋ ಮಕ್ಕಳ ಹತ್ತಿರ ನಿಜವಾದ ಅನುಭವ ಇರುತ್ತೆ. ಅದನ್ನು ಬರೆಯೋಕೆ ಅವರಿಗೆ ಮುಜುಗರ!

ಒಂದು ಉದಾಹರಣೆ ಇಟ್ಕೊಳ್ಳಿ. ಹಾವೇರಿ ಕಡೆಯ ಬಿಕಾಂ ಹುಡುಗಿ. ಅವಳ ತಂದೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಕಾಲೇಜು ಮುಗಿಸಿಕೊಂಡು ಬಂದು ಸಂಜೆ ಆ ಅಂಗಡಿಯ ಲೆಕ್ಕ ಬರೆಯೋದು ಇವಳೇ. ಟ್ಯಾಲಿಯಲ್ಲಿ ಎಂಟ್ರಿ ಹಾಕ್ತಾಳೆ, ರೈತರ ಪಟ್ಟಿ ತಯಾರಿಸ್ತಾಳೆ, ಜಿಎಸ್‌ಟಿ ರಿಟರ್ನ್‌ಗೆ ಬಿಲ್ ಹೊಂದಿಸಿ ಆಡಿಟರ್‌ಗೆ ಕಳಿಸ್ತಾಳೆ. ಅವಳ ರೆಸ್ಯೂಮೆಯಲ್ಲಿ ಇದು ಇದೆಯಾ? ಇಲ್ಲ. ಏನಿದೆ? ಪ್ರಾಮಾಣಿಕಳು, ಕಷ್ಟಪಟ್ಟು ದುಡಿಯುವವಳು, ಹವ್ಯಾಸ ಸಂಗೀತ ಕೇಳುವುದು. ಅಲ್ಲಮ್ಮ, ಸೀಸನ್‌ನಲ್ಲಿ ದಿನಕ್ಕೆ ಎಷ್ಟು ಬಿಲ್ ನೋಡ್ತಿದ್ದೆ, ಎಷ್ಟು ತಿಂಗಳು ಮಾಡಿದೆ, ಅದನ್ನು ಬರಿ! ಮೂರು ಸಾಲು ಸಾಕು. ಅಂಗಡಿ ಮಾಲೀಕರಿಂದ ಲೆಟರ್‌ಹೆಡ್ ಮೇಲೆ ಒಂದು ಪತ್ರ ತಗೋ. ಆ ಪತ್ರ ಸಾಚಾ. ಯಾರು ಫೋನ್ ಮಾಡಿ ಕೇಳಿದರೂ ಮಾಲೀಕರು ಹೌದು ಅಂತಾರೆ.

ನಮ್ಮ ಚಾನೆಲ್‌ಗೂ ರೆಸ್ಯೂಮೆಗಳು ಬರ್ತವೆ, ನಾನೂ ನೋಡ್ತೀನಿ. ಹತ್ತು ತೆಗೆದರೆ ಎಂಟು ಒಂದೇ ಅಚ್ಚು. ಹೆಸರು ಮಾತ್ರ ಬೇರೆ. ಮೇಲೊಂದು ಆಬ್ಜೆಕ್ಟಿವ್, ಕೆಳಗೊಂದು ಡಿಕ್ಲರೇಷನ್, ಮಧ್ಯೆ ತಂದೆಯ ಹೆಸರು, ಧರ್ಮ, ಮದುವೆ ಆಗಿದೆಯೋ ಇಲ್ಲವೋ. ಇದೇನು ಮದುವೆಗೆ ಕೊಡೋ ಬಯೋಡೇಟಾನಾ? ಹೊಸಬರಿಗೆ ಒಂದು ಪುಟ ಸಾಕು, ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರಿಡಿ. ಮೇಲ್‌ನಲ್ಲಿ ಬರೀ ಫೈಲ್ ಅಂಟಿಸಿ ಕಳಿಸಬೇಡಿ. ಯಾವ ಹುದ್ದೆಗೆ, ಆ ಹುದ್ದೆಗೆ ಬೇಕಾದ ಏನು ನನಗೆ ಬರುತ್ತೆ, ಯಾವತ್ತಿಂದ ಸೇರಬಹುದು ಅಂತ ಐದು ಸಾಲು ಬರೆಯಿರಿ. ಕವರ್ ಲೆಟರ್ ಅಂದರೆ ಅಷ್ಟೇ, ಹೆದರೋ ವಿಷಯ ಅಲ್ಲ.

ಇಂಟರ್‌ವ್ಯೂನಲ್ಲಿ ಮೊದಲು ನಿಮ್ಮ ಬಗ್ಗೆ ಹೇಳಿ ಅಂತಾರೆ. ಹುಟ್ಟಿದ ಊರಿಂದ ಶುರು ಮಾಡಬೇಡಿ. ಕೊನೆಗೆ ಮಾಡಿದ ಕೆಲಸದಿಂದ ಶುರು ಮಾಡಿ. ಮಧ್ಯೆ ಒಂದು ವರ್ಷ ಯಾಕೆ ಖಾಲಿ ಅಂತ ಖಂಡಿತ ಕೇಳ್ತಾರೆ. ಅಪ್ಪನಿಗೆ ಆಪರೇಷನ್ ಆಗಿತ್ತು, ಮನೆ ನೋಡಿಕೊಂಡೆ, ಜೊತೆಗೆ ಈ ಕೋರ್ಸ್ ಮಾಡಿದೆ ಅಂತ ಇದ್ದದ್ದನ್ನು ಹೇಳಿ. ಕನ್ನಡ ಮೀಡಿಯಂ ಮಕ್ಕಳಿಗೆ ಒಂದು ಮಾತು. ತಡವರಿಸಿದರೆ ಪರವಾಗಿಲ್ಲ, ನಿಧಾನವಾಗಿ ಸಣ್ಣ ಸಣ್ಣ ವಾಕ್ಯದಲ್ಲಿ ಹೇಳಿ. ಬಾಯಿಪಾಠ ಮಾಡಿದ ಇಂಗ್ಲಿಷ್ ಎರಡನೇ ಪ್ರಶ್ನೆಗೇ ಕೈಕೊಡುತ್ತೆ. ನೀವೇ ಮಾಡಿದ ಕೆಲಸ ಆಗಿದ್ದರೆ ಹತ್ತನೇ ಪ್ರಶ್ನೆಗೂ ಉತ್ತರ ಇರುತ್ತೆ.

ಕೆಲಸ ಕೊಡೋಕೆ ರಿಜಿಸ್ಟ್ರೇಷನ್ ಫೀ, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ಕೇಳಿದರೆ ಒಂದು ರೂಪಾಯಿ ಕೊಡಬೇಡಿ. ಆನ್‌ಲೈನ್‌ನಲ್ಲಿ ಕೊಟ್ಟು ಮೋಸ ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ದುಡ್ಡು ವಾಪಸ್ ಬರೋದು ಕಷ್ಟ. ಈಗಾಗಲೇ ಸುಳ್ಳು ಅನುಭವ ಪತ್ರ ಕೊಂಡು ಇಟ್ಟುಕೊಂಡಿದ್ದರೆ? ದುಡ್ಡು ಹೋಯ್ತು ಅನ್ಕೊಳ್ಳಿ, ಆ ಎರಡು ವರ್ಷವನ್ನು ಇವತ್ತು ರಾತ್ರಿಯೇ ರೆಸ್ಯೂಮೆಯಿಂದ ತೆಗೆದುಹಾಕಿ.

ನಾಳೆ ಇದೇ ಹೊತ್ತಿಗೆ ಸಿಗ್ತೀನಿ. ನಮಸ್ಕಾರ.