ಬೆಲ್ಜಿಯಮ್ಮಿನ ಒಂದು ಕಾಲ್ಚೆಂಡು ಕ್ಲಬ್ಬು ಮತ್ತು ದುಡಿಮೆಗಾರನ ಬಿಡುಗಡೆ ಚೀಟಿ

(ಕಾರ್ಮಿಕರ ಅಧ್ಯಯನ ವರ್ಗದಲ್ಲಿ ಮಾಡಿದ ಭಾಷಣ)



ಈ ಸಂಜೆ ಕಾಲ್ಚೆಂಡಿನ ಮೇಲೆ ಮಾತನಾಡುತ್ತೇನೆಂದಾಗ ಕೆಲವರು ನಕ್ಕರು. ಬೋನಸ್ಸಿನ ಮಾತಿದೆ, ತೆರಿಗೆಯ ಮಾತಿದೆ, ಅವನ್ನೆಲ್ಲ ಬಿಟ್ಟು ಬೆಲ್ಜಿಯಂ ದೇಶದ ಚೆಂಡಾಟ ನಮಗೇಕೆ ಎಂದರು. ಕೇಳಿದ್ದು ನ್ಯಾಯವೇ. ಆದರೆ ಕೂಲಿಗೂ ಬಂಡವಾಳಕ್ಕೂ ಇರುವ ಸಂಬಂಧ ಗಿರಣಿಯ ಗೇಟಿನೊಳಗೆ ಮಾತ್ರ ಇರುವುದಲ್ಲ. ಜನ ಭಾನುವಾರ ಹಾಯಾಗಿ ಹೊತ್ತು ಕಳೆಯಲು ಹೋಗುವ ಆಟದ ಬಯಲಿನಲ್ಲಿಯೂ ಅದು ಇದೆ. ಅದನ್ನು ಒಂದೇ ಒಂದು ಕ್ಲಬ್ಬಿನ ಚರಿತ್ರೆಯಿಂದ ತೋರಿಸಲು ಯತ್ನಿಸುತ್ತೇನೆ.

ಊರು ಮತ್ತು ಕ್ಲಬ್ಬು

ಬೆಲ್ಜಿಯಂ ಚಿಕ್ಕ ದೇಶ. ಅದರ ಪೂರ್ವಭಾಗದಲ್ಲಿ ಮ್ಯೂಸ್ ನದಿಯ ದಡದ ಮೇಲೆ ಲಿಯೇಜ್ ನಗರವಿದೆ. ನೆಲದಡಿಯಲ್ಲಿ ಕಲ್ಲಿದ್ದಲು, ನದಿಯ ಬದಿಗೆ ಉಕ್ಕಿನ ಕುಲುಮೆಗಳು. ಪಕ್ಕದ ಸೆರೈಂಗಿನಲ್ಲಿ ಜಾನ್ ಕಾಕೆರಿಲ್ ಎಂಬಾತ 1817ರಲ್ಲಿ ಹೂಡಿದ ಕಾರ್ಖಾನೆ ಯುರೋಪು ಖಂಡದಲ್ಲಿಯೇ ಹೆಸರಾಯಿತು. ಹೀಗೆ ಲಿಯೇಜ್ ದುಡಿಯುವವರ ಊರಾಯಿತು, ಹೋರಾಟದ ಊರೂ ಆಯಿತು. 1886ರ ಮಾರ್ಚ್ 18ರಂದು ಪ್ಯಾರಿಸ್ ಕಮ್ಯೂನಿನ ನೆನಪಿಗಾಗಿ ಅಲ್ಲಿ ಕಾರ್ಮಿಕರು ಸಭೆ ಸೇರಿದರು. ಆ ಸಭೆಯಿಂದ ಎದ್ದ ದಂಗೆ ಗಣಿ ಪ್ರದೇಶಗಳಿಗೆಲ್ಲ ಹಬ್ಬಿತು. ಸೈನ್ಯ ಗುಂಡು ಹಾರಿಸಿತು, ಜನ ಸತ್ತರು. 1960ರ ಡಿಸೆಂಬರಿನಿಂದ 1961ರ ಜನವರಿಯವರೆಗೆ ನಡೆದ ಮಹಾ ಮುಷ್ಕರಕ್ಕೂ ಲಿಯೇಜ್ ಒಂದು ಮುಖ್ಯ ಕೋಟೆಯಾಗಿತ್ತು. ಉಕ್ಕಿನ ಕಾರ್ಮಿಕರ ಮುಖಂಡ ಆಂಡ್ರೆ ರೆನಾರ್ ಅದರ ಮುಂದಾಳು.

ಈ ಊರಿನಲ್ಲಿ 1892ರಲ್ಲಿ ಹುಟ್ಟಿದ್ದೇ ಲಿಯೇಜ್ ಫುಟ್‌ಬಾಲ್ ಕ್ಲಬ್ಬು. ಹುಟ್ಟಿಸಿದವರು ಕಾರ್ಮಿಕರಲ್ಲ, ಸೈಕಲ್ ಸವಾರಿಯ ಹವ್ಯಾಸವಿದ್ದ ಮಹನೀಯರು. ಆ ಕಾಲದಲ್ಲಿ ಸೈಕಲ್ಲೂ ಕಾಲ್ಚೆಂಡೂ ಬಿಡುವಿದ್ದವರ ಆಟ. ಬೆಲ್ಜಿಯಮ್ಮಿನ ಮೊತ್ತಮೊದಲ ಲೀಗ್ ಪಂದ್ಯಾವಳಿಯಲ್ಲಿ ಏಳು ತಂಡಗಳು ಆಡಿದುವು. 1896ರಲ್ಲಿ ಅದನ್ನು ಗೆದ್ದುದು ಲಿಯೇಜ್. 1898 ಮತ್ತು 1899ರಲ್ಲಿ ಮತ್ತೆ ಗೆದ್ದಿತು. ಮುಂದೆ ದೇಶದ ಫೆಡರೇಷನ್ ಎಲ್ಲ ಕ್ಲಬ್ಬುಗಳಿಗೂ ನೋಂದಣಿ ಸಂಖ್ಯೆ ಕೊಟ್ಟಾಗ ಇದಕ್ಕೆ ಬಂದುದು 4ನೆಯ ಸಂಖ್ಯೆ. ಈ ನಾಲ್ಕನ್ನು ನೆನಪಿಡಿ, ಮುಂದೆ ಬರುತ್ತದೆ.

ಮಹನೀಯರ ಆಟ ಜನರ ಆಟವಾದುದು ಹೇಗೆ? ದುಡಿಯುವವನಿಗೆ ಬಿಡುವು ಸಿಕ್ಕಿದ್ದರಿಂದ. ಬೆಲ್ಜಿಯಮ್ಮಿನಲ್ಲಿ ಭಾನುವಾರದ ರಜೆಯ ಕಾನೂನು 1905ರಲ್ಲಿ ಬಂತು. ಎಂಟು ಗಂಟೆಯ ದಿನದ ಕಾನೂನು 1921ರಲ್ಲಿ ಬಂತು. ಯಾವ ಧಣಿಯೂ ಮನಮೆಚ್ಚಿ ಕೊಟ್ಟುದಲ್ಲ, ಹೋರಾಡಿ ಪಡೆದದ್ದು. ಲಿಯೇಜಿನ ರೋಕೂರ್ ಎಂಬ ಭಾಗದಲ್ಲಿ ಸೈಕಲ್ ಓಟದ ಪಥವೂ ಕಾಲ್ಚೆಂಡಿನ ಬಯಲೂ ಕೂಡಿದ ದೊಡ್ಡ ಕ್ರೀಡಾಂಗಣ ಎದ್ದುದೂ ಅದೇ 1921ರಲ್ಲಿ. ಅದರ ಮೆಟ್ಟಿಲುಗಳನ್ನು ತುಂಬಿದವರು ಬಿಡುವು ಗೆದ್ದುಕೊಂಡ ಜನ.

1952 ಮತ್ತು 1953ರಲ್ಲಿ ಕ್ಲಬ್ಬು ಮತ್ತೆ ದೇಶದ ಚಾಂಪಿಯನ್ ಆಯಿತು. 1980ರ ದಶಕದಲ್ಲಿ ರಾಬರ್ಟ್ ವಸೇಜ್ ಎಂಬ ತರಬೇತುದಾರರ ಕೈಯಲ್ಲಿ ಪೋರ್ಚುಗಲ್ಲಿನ ಬೆನ್ಫಿಕದಂಥ ಹೆಸರಾಂತ ತಂಡವನ್ನೂ ಸೋಲಿಸಿತು. 1990ರಲ್ಲಿ ಬೆಲ್ಜಿಯಂ ಕಪ್ ಗೆದ್ದಿತು. ಹೊರಗಿನಿಂದ ನೋಡಿದವರಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಅದೇ 1990ರಲ್ಲಿ ಅದೇ ಕ್ಲಬ್ಬಿನ ಕಚೇರಿಯಲ್ಲಿ ನಡೆದುದನ್ನು ಈಗ ಹೇಳುತ್ತೇನೆ.

ಒಬ್ಬ ಆಳಿನ ಬೆಲೆ

ಜ್ಯಾಂ-ಮಾರ್ಕ್ ಬೊಸ್ಮನ್ ಎಂಬ ಆಟಗಾರ 1988ರಿಂದ ಈ ಕ್ಲಬ್ಬಿನಲ್ಲಿ ಸಂಬಳಕ್ಕಿದ್ದ. ಕರಾರು 1990ರ ಜೂನ್ 30ಕ್ಕೆ ಮುಗಿಯಬೇಕು. ಭತ್ಯೆಗಳೂ ಸೇರಿ ತಿಂಗಳಿಗೆ ಸರಾಸರಿ 1,20,000 ಬೆಲ್ಜಿಯಂ ಫ್ರಾಂಕು ಬರುತ್ತಿತ್ತು. ಏಪ್ರಿಲಿನಲ್ಲಿ ಕ್ಲಬ್ಬು ಹೊಸ ಕರಾರು ಮುಂದಿಟ್ಟಿತು: ತಿಂಗಳಿಗೆ 30,000 ಫ್ರಾಂಕು. ಫೆಡರೇಷನ್ನಿನ ನಿಯಮದಲ್ಲಿ ಇದಕ್ಕಿಂತ ಕಡಿಮೆ ಕೊಡುವಂತಿರಲಿಲ್ಲ, ಆದುದರಿಂದ ಅಲ್ಲಿಗೆ ನಿಂತಿತು. ರೂಪಾಯಿಗೆ ನಾಲ್ಕಾಣೆ ಇಟ್ಟುಕೋ ಎಂದಂತೆ. ಆತ ಒಲ್ಲೆನೆಂದ.

ಕರಾರು ಮುಗಿದ ಮೇಲೆ ದುಡಿಮೆಗಾರ ತನ್ನ ದಾರಿ ಹಿಡಿದು ಹೋಗಬಹುದೆಂದು ನೀವು ತಿಳಿಯುವಿರಿ. ಕಾಲ್ಚೆಂಡಿನಲ್ಲಿ ಹಾಗಿರಲಿಲ್ಲ. ಕರಾರು ಮುಗಿದರೂ ಆತನನ್ನು ಕೊಳ್ಳುವ ಕ್ಲಬ್ಬು ಹಳೆಯ ಕ್ಲಬ್ಬಿಗೆ ಹಣ ತೆರಬೇಕು. ತರಬೇತಿಗೆ ಪರಿಹಾರವೆಂದು ಅದಕ್ಕೆ ಹೆಸರು. ವರ್ಷದ ಸಂಪಾದನೆಯನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಿ ಲೆಕ್ಕ ಕಟ್ಟುತ್ತಿದ್ದರು. ಬೊಸ್ಮನ್ನನ ಮೇಲೆ ಹಾಕಿದ ಬೆಲೆ 1,17,43,000 ಫ್ರಾಂಕು.

ಅಂಗಡಿ ಲೆಕ್ಕ ಬಲ್ಲ ಬಂಧುಗಳು ಇಲ್ಲಿದ್ದೀರಿ, ಭಾಗಿಸಿ ನೋಡಿ. ಈತನ ದುಡಿಮೆಗೆ ತಿಂಗಳಿಗೆ 30,000ವೇ ತಕ್ಕ ಕೂಲಿ ಎಂದವರು, ಈತನನ್ನು ಬಿಟ್ಟುಕೊಡಲು 391 ತಿಂಗಳ, ಅಂದರೆ 32 ವರ್ಷಕ್ಕೂ ಮಿಕ್ಕ ಕೂಲಿಯನ್ನು ಕೇಳಿದರು. ಕೂಲಿ ಕೊಡುವಾಗ ಆತ ಅಗ್ಗ, ಮಾರುವಾಗ ದುಬಾರಿ. ಒಂದೇ ಸರಕಿಗೆ ಎರಡು ತಕ್ಕಡಿ.

ಫ್ರಾನ್ಸಿನ ಡನ್‌ಕರ್ಕ್ ಕ್ಲಬ್ಬು ಆತನಿಗೆ ತಿಂಗಳಿಗೆ ಸುಮಾರು ಒಂದು ಲಕ್ಷ ಫ್ರಾಂಕು ಕೊಡಲು ಒಪ್ಪಿತು. ಮೊದಲು ಒಂದು ವರ್ಷದ ಮಟ್ಟಿಗೆ, 12 ಲಕ್ಷ ಫ್ರಾಂಕು ಪರಿಹಾರಕ್ಕೆ ಎಂದು ಎರಡು ಕ್ಲಬ್ಬುಗಳ ನಡುವೆ ಕಾಗದವೂ ಆಯಿತು. ಆದರೆ ಬೆಲ್ಜಿಯಂ ಫೆಡರೇಷನ್ ಬಿಡುಗಡೆಯ ಪ್ರಮಾಣಪತ್ರ ಕಳಿಸಬೇಕು. ಡನ್‌ಕರ್ಕ್ ಹಣ ತೆರಲಾರದೆಂದು ಲಿಯೇಜಿಗೆ ಸಂಶಯ ಬಂತು. ಪತ್ರ ಕಳಿಸಿರೆಂದು ಫೆಡರೇಷನ್ನಿಗೆ ಕೇಳಿಕೊಳ್ಳಲೇ ಇಲ್ಲ. ಕಾಗದ ಬಿದ್ದುಹೋಯಿತು. ಜುಲೈ 31ರಂದು ಬೊಸ್ಮನ್ನನನ್ನು ಸಸ್ಪೆಂಡ್ ಮಾಡಿ, ಇಡೀ ವರ್ಷ ಎಲ್ಲಿಯೂ ಆಡದಂತೆ ಮಾಡಿದರು. ವಯಸ್ಸು ಇಪ್ಪತ್ತೈದು. ಕಾಲು ಗಟ್ಟಿಯಾಗಿರುವ ಹತ್ತು ವರ್ಷಗಳಲ್ಲೇ ಬದುಕಿನ ಗಳಿಕೆ ಮುಗಿಯಬೇಕಾದ ಕಸುಬು ಅದು.

ಎಂಟು ದಿನಗಳಲ್ಲಿ ಆತ ಲಿಯೇಜಿನ ನ್ಯಾಯಾಲಯಕ್ಕೆ ಹೋದ. ಮೊಕದ್ದಮೆ ಐದು ವರ್ಷ ನಡೆಯಿತು. ನಡುವೆ ಫ್ರಾನ್ಸಿನ ಎರಡನೆಯ ದರ್ಜೆಯಲ್ಲಿ ಆಡಿದ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಆಡಿದ, ಕಡೆಗೆ ಬೆಲ್ಜಿಯಮ್ಮಿನ ಮೂರನೆಯ ದರ್ಜೆಗೆ ಬಂದು ಮುಟ್ಟಿದ. ಯುರೋಪಿನ ಕ್ಲಬ್ಬುಗಳೆಲ್ಲ ಆತನನ್ನು ಬಹಿಷ್ಕರಿಸಿದುದಕ್ಕೆ ಬಲವಾದ ಸೂಚನೆಗಳಿವೆ ಎಂಬ ಮಾತು ನ್ಯಾಯಾಲಯದ ಕಾಗದಪತ್ರಗಳಲ್ಲೇ ಇದೆ. ಗಿರಣಿಯಲ್ಲಿ ದೂರು ಕೊಟ್ಟವನ ಹೆಸರು ಪಕ್ಕದ ಗಿರಣಿಗೆ ಅವನಿಗಿಂತ ಮೊದಲೇ ಮುಟ್ಟುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೀರ್ಪು ಮತ್ತು ಅದರ ಫಲ

1995ರ ಡಿಸೆಂಬರ್ 15ರಂದು ಲಕ್ಸೆಂಬರ್ಗಿನಲ್ಲಿರುವ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ದುಡಿಮೆಗಾರರು ಒಂದು ದೇಶದಿಂದ ಇನ್ನೊಂದಕ್ಕೆ ಕೆಲಸಕ್ಕೆ ಹೋಗಬಹುದೆಂದು 1957ರ ರೋಮ್ ಒಪ್ಪಂದದಲ್ಲಿ ಬರೆದಿತ್ತು. ಆಟಗಾರನೂ ದುಡಿಮೆಗಾರನೇ ಎಂದು ನ್ಯಾಯಾಲಯ ಹೇಳಿತು. ಕರಾರು ಮುಗಿದವನು ಒಕ್ಕೂಟದ ಬೇರೆ ದೇಶದ ಕ್ಲಬ್ಬಿಗೆ ಹೋದರೆ ಹಣ ಕೇಳಕೂಡದು. ಒಕ್ಕೂಟದ ಬೇರೆ ದೇಶದವರು ಇಷ್ಟೇ ಮಂದಿ ಆಡಬಹುದೆಂಬ ಮಿತಿಯನ್ನು ಹೇರಕೂಡದು. ಒಬ್ಬ ಸಾಮಾನ್ಯ ಆಟಗಾರ ಯುರೋಪಿನ ಫೆಡರೇಷನ್ನುಗಳನ್ನೆಲ್ಲ ಮಣಿಸಿದ್ದು ಸಣ್ಣ ಮಾತಲ್ಲ. ಯಾರಾದರೂ ಅದನ್ನು ಹಗುರವಾಗಿ ಕಂಡರೆ ನಾನು ಒಪ್ಪುವುದಿಲ್ಲ.

ಆದರೆ ಫಲ ಯಾರ ಮನೆ ಸೇರಿತು? ಹೆಸರಾಂತ ಆಟಗಾರರು ಕೊಳ್ಳುವವರ ನಡುವೆ ನಿಂತು ತಮ್ಮ ಬೆಲೆಯನ್ನು ತಾವೇ ಹೇಳುವಂತಾದರು. ಆಯಿತು, ಅದು ಅವರ ದುಡಿಮೆ. ಕರಾರು ನಡೆಯುತ್ತಿರುವಾಗ ಮಾರಿದರೆ ಹಣ ಕೇಳುವ ಪದ್ಧತಿ ಮಾತ್ರ ಉಳಿಯಿತು. ಆದುದರಿಂದ ಶ್ರೀಮಂತ ಕ್ಲಬ್ಬುಗಳು ಉದ್ದುದ್ದ ಕರಾರು ಬರೆಸಿಕೊಂಡುವು. ಹಾಲೆಂಡಿನ ಅಯಾಕ್ಸ್ ಕ್ಲಬ್ಬು ತನ್ನ ಶಾಲೆಯಲ್ಲಿ ಬೆಳೆಸಿದ ಹಲವು ಹುಡುಗರನ್ನು ಕಟ್ಟಿಕೊಂಡು 1995ರಲ್ಲಿ ಯುರೋಪಿನ ಚಾಂಪಿಯನ್ ಆಗಿತ್ತು. ಮರುವರ್ಷವೇ ಅಲ್ಲಿಯ ಎಡ್ಗರ್ ಡೇವಿಡ್ಸ್ ಒಂದು ಕಾಸಿನ ವರ್ಗಾವಣೆ ಹಣವಿಲ್ಲದೆ ಇಟಲಿಯ ಮಿಲಾನಿಗೆ ಹೋದ. ಬೆಲ್ಜಿಯಮ್ಮಿನ ಮೆಖೆಲೆನ್ ಕ್ಲಬ್ಬು 1988ರಲ್ಲಿ ಯುರೋಪಿನ ಕಪ್ಪೊಂದನ್ನು ಗೆದ್ದಿತ್ತು. ಆಮೇಲೆ ಆ ದೇಶಕ್ಕೆ ಅಂಥ ಗೆಲುವು ದಕ್ಕಿಲ್ಲ. ತೀರ್ಪೊಂದೇ ಇದಕ್ಕೆ ಕಾರಣವಲ್ಲ. ದೊಡ್ಡ ದೇಶಗಳಿಗೆ ಹರಿದ ಟೆಲಿವಿಷನ್ ಹಣ ಇನ್ನೂ ದೊಡ್ಡ ಕಾರಣ. ಆದರೂ ಹುಡುಗರನ್ನು ಬೆಳೆಸಿ ಮಾರಿ ಬದುಕುತ್ತಿದ್ದ ಸಣ್ಣ ಕ್ಲಬ್ಬುಗಳಿಗೆ ಪೆಟ್ಟು ಬಿದ್ದುದು ನಿಜ.

ಪೇಟೆಯ ಬಂಧುಗಳು ಇದನ್ನು ಗಮನಿಸಬೇಕು. ಸಣ್ಣ ಕ್ಲಬ್ಬಿನ ಕಷ್ಟವನ್ನು ಆಟಗಾರನ ಕೊರಳಿಗೆ ಕಟ್ಟುವುದು ಪರಿಹಾರವಲ್ಲ. ದೊಡ್ಡವರ ಪೆಟ್ಟಿಗೆಯಿಂದ ಪಾಲು ಕೇಳುವುದು ಪರಿಹಾರ. 2001ರಲ್ಲಿ ಅಂಥ ಒಂದು ನಿಯಮ ಬಂದೂ ಬಂತು. ಆಟಗಾರನನ್ನು ಕರಾರಿನ ನಡುವೆ ಮಾರಿದಾಗ ನೂರಕ್ಕೆ ಐದು ಪಾಲನ್ನು ಆತನನ್ನು 12ರಿಂದ 23ರ ವಯಸ್ಸಿನೊಳಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು. ಐದು ಪಾಲು ಸಾಲದು. ಆದರೆ ಹಂಚಬಹುದೆಂಬುದು ಅದರಿಂದ ಸಿದ್ಧವಾಯಿತು. ಗಿರಣಿ ಆಳಿನ ಕೂಲಿ ಕಡಿಮೆಯಾದರೆ ಸಣ್ಣ ಅಂಗಡಿ ಉಳಿಯುವುದೆಂದು ನಮಗೆ ಹೇಳಿಕೊಡುವವರಿಗೂ ಇದೇ ಉತ್ತರ.

ಮೊಕದ್ದಮೆ ಹೂಡಿದವನಿಗೆ ಏನು ಸಿಕ್ಕಿತು? ತೀರ್ಪು ಬಂದಾಗ ಬೊಸ್ಮನ್ನನಿಗೆ 31 ವರ್ಷ. ಆಟದ ಕಾಲ ಮುಗಿಯುತ್ತ ಬಂದಿತ್ತು. ಮುಂದಿನ ದಿನಗಳು ಕಷ್ಟದಲ್ಲಿಯೇ ಕಳೆದುವು. ಆತನ ಹೆಸರಿನ ತೀರ್ಪಿನಿಂದ ಕೋಟಿಗಟ್ಟಲೆ ಗಳಿಸಿದವರಿದ್ದಾರೆ. ಆತ ಆ ಪಂಕ್ತಿಯಲ್ಲಿಲ್ಲ.

ಕ್ಲಬ್ಬಿಗೆ ಏನಾಯಿತು

ಆಟಗಾರನನ್ನು ಹಿಡಿದಿಟ್ಟ ಲಿಯೇಜ್ ಕ್ಲಬ್ಬು ತನ್ನನ್ನು ತಾನು ಹಿಡಿದಿಟ್ಟುಕೊಂಡಿತೇ? ಇಲ್ಲ. ಸಾಲ ಏರಿತು. ರೋಕೂರಿನ ಕ್ರೀಡಾಂಗಣ ಹಳತಾಗಿ ಕೈಬಿಟ್ಟುಹೋಯಿತು. 1921ರಿಂದ ಜನ ತುಂಬಿದ ಆ ಜಾಗವನ್ನು ಕೆಡವಿದರು, ಅಲ್ಲಿ ದೊಡ್ಡ ಸಿನೆಮಾ ಮಂದಿರಗಳ ಕಟ್ಟಡ ಎದ್ದಿತು. ನೂರು ವರ್ಷ ಹಳೆಯ ಕ್ಲಬ್ಬು 1995ರಲ್ಲಿ ಮೊದಲ ದರ್ಜೆಯಿಂದ ಬಿದ್ದಿತು. ಅದೇ ವರ್ಷ ಪಕ್ಕದ ಟಿಲ್ಯೂರ್ ಕ್ಲಬ್ಬಿನೊಡನೆ ಕೂಡಿಕೊಂಡು ಹೆಸರನ್ನೂ ಬದಲಿಸಬೇಕಾಯಿತು. ಮನೆಯಿಲ್ಲದೆ ಸುಮಾರು ಇಪ್ಪತ್ತು ವರ್ಷ ಕಂಡವರ ಬಯಲಿನಲ್ಲಿ ಆಡಿತು. ನಾಲ್ಕನೆಯ ದರ್ಜೆಯವರೆಗೂ ಇಳಿಯಿತು. ಬೊಸ್ಮನ್ ತೀರ್ಪಿನಿಂದ ಹೀಗಾಯಿತೆಂದು ಯಾರಾದರೂ ಹೇಳಿದರೆ ತಾರೀಖು ನೋಡಲು ಹೇಳಿ. ಕ್ಲಬ್ಬು ಬಿದ್ದ ಮೇಲೆ ತೀರ್ಪು ಬಂದುದು. ಆಟಗಾರನ ಸ್ವಾತಂತ್ರ್ಯ ಅದನ್ನು ಕೆಡವಲಿಲ್ಲ. ಆತನನ್ನು ಕಟ್ಟಿಹಾಕಿದ್ದು ಅದನ್ನು ಉಳಿಸಲೂ ಇಲ್ಲ.

ಉಳಿಸಿದವರು ಯಾರೆಂದರೆ ಮೆಟ್ಟಿಲ ಮೇಲೆ ನಿಲ್ಲುವ ಜನ. ಆ ಇಪ್ಪತ್ತು ವರ್ಷ ಬಯಲಿಂದ ಬಯಲಿಗೆ ತಂಡದ ಹಿಂದೆ ಹೋದರು. ಹೆಸರು ಹಲವು ಬಾರಿ ಬದಲಾದರೂ 4ನೆಯ ನೋಂದಣಿ ಸಂಖ್ಯೆ ಕಳೆದುಹೋಗಲಿಲ್ಲ. ಅದು ಹೋಗಿದ್ದರೆ 1892ರ ಚರಿತ್ರೆ ಕಾಗದದ ಮೇಲೆ ಅಲ್ಲಿಗೇ ಮುಗಿಯುತ್ತಿತ್ತು. 2015ರಲ್ಲಿ ಕ್ಲಬ್ಬು ರೋಕೂರಿಗೆ ಮರಳಿತು, ಕೆಲವೇ ಸಾವಿರ ಜನ ಹಿಡಿಸುವ ಚಿಕ್ಕ ಕ್ರೀಡಾಂಗಣಕ್ಕೆ. 2023ರಲ್ಲಿ ಎರಡನೆಯ ದರ್ಜೆಗೆ ಏರಿತು. ಆ ಹೊತ್ತಿಗೆ ಊರಿನ ದೊಡ್ಡ ಕುಲುಮೆಗಳು ಆರಿದ್ದುವು. 2011ರಲ್ಲಿಯೇ ಆರ್ಸೆಲರ್ ಮಿತ್ತಲ್ ಕಂಪನಿ ಅವನ್ನು ಮುಚ್ಚುವುದಾಗಿ ಸಾರಿತ್ತು. ಕುಲುಮೆ ಹೋಯಿತು, ಕ್ಲಬ್ಬು ಉಳಿಯಿತು. ಒಂದರ ಭವಿಷ್ಯವನ್ನು ಷೇರುದಾರರು ತೀರ್ಮಾನಿಸಿದರು, ಇನ್ನೊಂದನ್ನು ಬಿಟ್ಟುಕೊಡದ ಜನರಿದ್ದರು.

ಸಂಗಾತಿಗಳೆ, ಈ ಜಗಳ ಮುಗಿದಿಲ್ಲ. ಲಾಸಾನಾ ದಿಯಾರಾ ಎಂಬ ಫ್ರಾನ್ಸಿನ ಆಟಗಾರ ಮಾಸ್ಕೋದ ಕ್ಲಬ್ಬಿನಿಂದ ಹೊರಬಿದ್ದಾಗ ಬೆಲ್ಜಿಯಮ್ಮಿನ ಶಾರ್ಲೆರ್ವಾ ಕ್ಲಬ್ಬು ಆತನನ್ನು ಸೇರಿಸಿಕೊಳ್ಳಲು ಮುಂದಾಗಿತ್ತು. ಹಳೆಯ ಕ್ಲಬ್ಬಿಗೆ ತೆರಬೇಕಾದ ದಂಡ ತನ್ನ ಮೇಲೂ ಬಿದ್ದೀತೆಂಬ ಅಂಜಿಕೆ, ಜೊತೆಗೆ ಅದೇ ಪ್ರಮಾಣಪತ್ರದ ತೊಡಕು; ಅದು ಕೂಡಿಬರಲಿಲ್ಲ. ಲಕ್ಸೆಂಬರ್ಗಿನ ನ್ಯಾಯಾಲಯ 2024ರ ಅಕ್ಟೋಬರ್ 4ರಂದು ಆ ನಿಯಮಗಳಲ್ಲಿ ಕೆಲವು ಕಾನೂನಿಗೆ ವಿರುದ್ಧವೆಂದಿತು. ಬೊಸ್ಮನ್ನನ ವಕೀಲರಾಗಿದ್ದ ಜ್ಯಾಂ-ಲೂಯಿ ಡ್ಯುಪೋನ್ ಈ ಮೊಕದ್ದಮೆಯಲ್ಲಿಯೂ ಇದ್ದರು. ಮೂವತ್ತು ವರ್ಷವಾದರೂ ಬಿಡುಗಡೆ ಚೀಟಿಯ ಜಗಳ ನಡೆದೇ ಇದೆ.

ಇದರಿಂದ ನಾವು ತಿಳಿಯಬೇಕಾದುದು ಇಷ್ಟು. ಒಬ್ಬನೇ ಹೋರಾಡಿಯೂ ಕಾನೂನನ್ನು ಗೆಲ್ಲಬಹುದು. ಆದರೆ ಐದು ವರ್ಷದ ಹಸಿವನ್ನು ಒಬ್ಬನೇ ಹೊರಬೇಕಾಗುತ್ತದೆ, ಗೆದ್ದ ಹಕ್ಕಿನ ಫಲವೋ ಮೊದಲೇ ಬಲವಿದ್ದವರ ಪಾಲಾಗುತ್ತದೆ. ಹಕ್ಕು ಎಲ್ಲರ ಮನೆಗೆ ಮುಟ್ಟಬೇಕಾದರೆ ಅದನ್ನು ಹೊತ್ತು ತರುವ ಸಂಘ ಬೇಕು. ನಿಮ್ಮ ಖಾತೆಯಲ್ಲಿ ಕೂಲಿ ಕಡಿತಕ್ಕೆ ಒಲ್ಲೆನೆಂದು ಒಬ್ಬ ಎದ್ದು ನಿಂತಿದ್ದರೆ, ಅವನು ತನ್ನ ಮೊಕದ್ದಮೆಯನ್ನು ತಾನೇ ನೋಡಿಕೊಳ್ಳಲಿ ಎಂದು ಬಿಡಬೇಡಿರಿ. ಅವನ ಮನೆಯ ಒಲೆ ಉರಿಯುವಂತೆ ನೋಡಿಕೊಳ್ಳುವುದು ಸಂಘದ ಮೊದಲ ಕೆಲಸ. ಪೇಟೆಯ ಬಂಧುಗಳೂ ಆ ದಿನಗಳಲ್ಲಿ ಅವನಿಗೆ ಸಾಲದ ಪುಸ್ತಕ ಮುಚ್ಚದಿರಲಿ.