ಹಾರ್ಮೋನು ಸಲ್ಲದಾಗ ಗರ್ಭನಿರೋಧ: ದಂಪತಿಗಳ ಮುಂದಿರುವ ದಾರಿಗಳು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಮಾಲಾ-ಎನ್ ಮಾತ್ರೆ ಮತ್ತು ಅಂತರಾ ಚುಚ್ಚುಮದ್ದು ಹಾರ್ಮೋನುಗಳಿಂದ ಕೆಲಸ ಮಾಡುತ್ತವೆ. ಅಧಿಕ ರಕ್ತದೊತ್ತಡವಿರುವವರಿಗೆ, ಹಿಂದೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಮಾಲಾ-ಎನ್ ಹಿತವಲ್ಲ. ಸ್ತನ ಕ್ಯಾನ್ಸರಿಗೆ ಒಳಗಾದವರಿಗೆ ಎರಡೂ ಸಲ್ಲವು. ವೈದ್ಯರು ಹೀಗೆ ತಿಳಿಸಿದಾಗ ಕೆಲವು ಕುಟುಂಬಗಳು ಶಸ್ತ್ರಚಿಕಿತ್ಸೆಯೊಂದೇ ದಾರಿಯೆಂದು ಭಾವಿಸುತ್ತವೆ. ಕೆಲವು ಯಾವ ಕ್ರಮವನ್ನೂ ಅನುಸರಿಸದೆ ಉಳಿಯುತ್ತವೆ. ಅಧಿಕ ರಕ್ತದೊತ್ತಡವಿರುವ ಮಹಿಳೆಗೆ ಬಯಸದ ಗರ್ಭವು ಮಾತ್ರೆಗಿಂತಲೂ ದೊಡ್ಡ ಅಪಾಯ. ಆದ್ದರಿಂದ ಉಳಿದ ದಾರಿಗಳನ್ನು ಅರಿತಿರುವುದು ಅಗತ್ಯ.

ಮೊದಲನೆಯದು ಕಾಪರ್-ಟಿ, ಅಂದರೆ ಜನರು ಕರೆಯುವ ವಂಕಿ. ಇದರಲ್ಲಿ ಹಾರ್ಮೋನಿಲ್ಲ, ತಾಮ್ರವು ವೀರ್ಯಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ. 380ಎ ಮಾದರಿಯು 10 ವರ್ಷ, 375 ಮಾದರಿಯು 5 ವರ್ಷ ರಕ್ಷಣೆ ನೀಡುತ್ತದೆ. ಇದನ್ನು ಬಳಸುವ 100 ಮಹಿಳೆಯರಲ್ಲಿ ವರ್ಷಕ್ಕೆ ಗರ್ಭ ಧರಿಸುವವರು ಒಬ್ಬರಿಗಿಂತ ಕಡಿಮೆ. ಹೆರಿಗೆಯಾದ 48 ಗಂಟೆಗಳೊಳಗೂ ಅಳವಡಿಸಬಹುದು. ಮಗು ಬೇಕೆನಿಸಿದಾಗ ತೆಗೆಸಬಹುದು. ಮೊದಲ ತಿಂಗಳುಗಳಲ್ಲಿ ಮುಟ್ಟಿನ ಸ್ರಾವ ಹೆಚ್ಚಬಹುದಾದ ಕಾರಣ ರಕ್ತಹೀನತೆಯುಳ್ಳವರು ವೈದ್ಯರೊಡನೆ ಸಮಾಲೋಚಿಸಬೇಕು.

ಎರಡನೆಯದು ಛಾಯಾ ಮಾತ್ರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯು ರೂಪಿಸಿದ ಈ ಮಾತ್ರೆಯು ಸ್ಟೀರಾಯ್ಡ್ ಹಾರ್ಮೋನುಗಳಿಂದ ಮುಕ್ತ. ಮೊದಲ 3 ತಿಂಗಳು ವಾರಕ್ಕೆ 2 ಬಾರಿ, ಬಳಿಕ ವಾರಕ್ಕೊಮ್ಮೆ ಸೇವಿಸಬೇಕು. ಯಕೃತ್ತಿನ ಕಾಯಿಲೆಯಿದ್ದವರಿಗೆ ಇದು ತಕ್ಕುದಲ್ಲ.

ಮೂರನೆಯದು ಪುರುಷರ ಪಾಲು. ನಿರೋಧ್ ಬಳಕೆಯು ಲೈಂಗಿಕ ಸೋಂಕುಗಳನ್ನೂ ತಡೆಯುತ್ತದೆ. ಆದರೆ ಪ್ರತಿ ಬಾರಿಯೂ ತಪ್ಪದೆ ಬಳಸಿದರೆ ಮಾತ್ರ ಫಲ. ಇನ್ನು ಮಕ್ಕಳು ಸಾಕೆಂದು ನಿಶ್ಚಯಿಸಿದ ದಂಪತಿಗಳಲ್ಲಿ, ಹೊಲಿಗೆಯಿಲ್ಲದ ಪುರುಷ ಸಂತಾನಹರಣ ಚಿಕಿತ್ಸೆಯು ಮಹಿಳೆಯ ಶಸ್ತ್ರಚಿಕಿತ್ಸೆಗಿಂತ ಸರಳ. ದುಡಿಯುವ ಶಕ್ತಿಯಾಗಲಿ ಪುರುಷತ್ವವಾಗಲಿ ಇದರಿಂದ ಕುಂದದು. 3 ತಿಂಗಳ ನಂತರ ವೀರ್ಯ ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಬೇರೊಂದು ವಿಧಾನವನ್ನು ಬಳಸಲೇಬೇಕು.

ಯಾವ ವಿಧಾನ ಯಾರಿಗೆ ಎಂಬುದನ್ನು ಆರೋಗ್ಯ ತಪಾಸಣೆಯ ಬಳಿಕ ದಂಪತಿಗಳೇ ತೀರ್ಮಾನಿಸಲಿ. ಒತ್ತಾಯ ಸಲ್ಲದು, ಯಾರ ಹೆಸರೂ ಸಭೆಯಲ್ಲಿ ಚರ್ಚೆಯಾಗಕೂಡದು. ಉಪಕೇಂದ್ರದಲ್ಲಿ ಛಾಯಾ, ನಿರೋಧ್ ದಾಸ್ತಾನು ಇದೆಯೇ, ವಂಕಿ ಅಳವಡಿಸುವ ಸೇವೆ ಯಾವ ದಿನ ಲಭ್ಯ, ಆಶಾ ಕಾರ್ಯಕರ್ತೆಯರು ಗಂಡಂದಿರೊಡನೆಯೂ ಮಾತನಾಡಲು ನಮ್ಮ ನೆರವು ಬೇಕೇ ಎಂಬುದನ್ನು ಗ್ರಾಮ ಆರೋಗ್ಯ ಸಮಿತಿಯ ಮುಂದಿನ ಸಭೆಯಲ್ಲಿ ವಿಚಾರಿಸಬೇಕೆಂದು ಕೋರುತ್ತೇನೆ.