ಕಷ್ಟಕಾಲದಲ್ಲಿ ತವಕ್ಕುಲ್



ತವಕ್ಕುಲ್ ಎಂದರೆ ಅಲ್ಲಾಹನ ಮೇಲಿನ ಸಂಪೂರ್ಣ ಭರವಸೆ. ಅದನ್ನು ಬೀಬಿ ಹಾಜರಾ (ಅ) ಅವರಿಂದ ಕಲಿಯಬೇಕು. ನಿರ್ಜನ ಮಕ್ಕಾದಲ್ಲಿ ಹಸುಗೂಸಿನೊಂದಿಗೆ ಉಳಿದಾಗ, ಇದು ಅಲ್ಲಾಹನ ಆಜ್ಞೆಯೆಂದು ತಿಳಿದೊಡನೆ, ಅವನು ನಮ್ಮ ಕೈಬಿಡಲಾರನೆಂದು ಅವರು ನಂಬಿದರು. ಆದರೂ ನೀರು ಮುಗಿದಾಗ ಸುಮ್ಮನೆ ಕೂರಲಿಲ್ಲ. ಸಫಾ ಮತ್ತು ಮರ್ವಾ ಬೆಟ್ಟಗಳ ನಡುವೆ 7 ಬಾರಿ ಓಡಾಡಿದರು. ಝಮ್‌ಝಮ್ ಚಿಮ್ಮಿದ್ದು ಮಾತ್ರ ಮಗು ಇಸ್ಮಾಈಲರಿದ್ದ ಕಡೆ! ಪ್ರಯತ್ನ ನಮ್ಮದು, ಫಲ ಎಲ್ಲಿಂದ, ಯಾವಾಗ ಎಂಬುದು ಅವನ ಇಚ್ಛೆ. ಇಂದಿಗೂ ಹಜ್, ಉಮ್ರಾ ಯಾತ್ರಿಕರು ಆ ತಾಯಿಯ ಹಾದಿಯಲ್ಲೇ 7 ಬಾರಿ ನಡೆಯುತ್ತಾರೆ.

ವಿದ್ಯಾರ್ಥಿಗಳೇ, ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ಹೋಯಿತೆಂದು, ಮನೆಯಲ್ಲಿ ಫೀಸಿಗೆ ಹಣವಿಲ್ಲವೆಂದು ಓದು ಬಿಡಬೇಡಿ. ದುಆ ಮಾಡಿ, ಪುಸ್ತಕ ತೆರೆಯಿರಿ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ನೀವು ತಟ್ಟಿದ ಬಾಗಿಲೇ ತೆರೆಯದಿರಬಹುದು. ಆದರೆ ತೆರೆಯುವವನು ಕರುಣಾಮಯಿ.